ಗಟ್ಟಿಯಾಗಿ ಓದಿ ಎಂದಾಗ ಹನ್ನೊಂದನೇ ಸಾಲಿನಲ್ಲಿ ನಿಂತರು

ಆಪ್ತಸಲಹೆಗೆಂದು ನನ್ನ ಬಳಿ ಬಂದಾಗ ಆಕೆಗೆ 24 ವರ್ಷ. ಪ್ರೋಗ್ರಾಮಿಂಗ್ ಕೆಲಸಕ್ಕೆ ಸೇರಿ ಏಳು ತಿಂಗಳಾಗಿತ್ತು. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಬಂದ ಕಾರಣ ಏನು ಎಂಬಲ್ಲಿ ಫಾರಂನಲ್ಲಿ ಎರಡೇ ಪದ ಬರೆದಿದ್ದರು: ‘ನಿದ್ದೆ ಬರಲ್ಲ.’

ಮಾತಾಡುತ್ತ ಹೋದಂತೆ ವಿಷಯ ಹೊರಬಂತು. ಅವರ ಮೊದಲ ದೊಡ್ಡ ಕೋಡ್ ರಿವ್ಯೂಗೆ, ಅಂದರೆ ಸಹೋದ್ಯೋಗಿಗಳ ಪರಿಶೀಲನೆಗೆ, ಹೋಗಿ 31 ಕಾಮೆಂಟುಗಳ ಜೊತೆ ವಾಪಸ್ ಬಂದಿತ್ತು. ‘ಕೆಲಸ ಮಾಡುತ್ತೆ, ಆದರೆ ಯಾರಿಗೂ ಓದೋಕಾಗಲ್ಲ’ ಎಂದು ಹಿರಿಯರೊಬ್ಬರು ಬರೆದಿದ್ದರು. ಆ ಒಂದು ಸಾಲು ಆಕೆಯ ತಲೆಯಲ್ಲಿ ಕೂತುಬಿಟ್ಟಿತ್ತು. ಅಂದಿನಿಂದ ರಾತ್ರಿ ಎಲ್ಲರೂ ಮಲಗಿದ ಮೇಲೆ ಲ್ಯಾಪ್‌ಟಾಪ್ ತೆಗೆದು ಅದೇ ಕೋಡ್ ಅಳಿಸಿ ಬರೆಯುತ್ತಿದ್ದರು. ಮೂರು ವಾರದಲ್ಲಿ ನಾಲ್ಕು ಸಲ ಮೊದಲಿನಿಂದ ಬರೆದಾಗಿತ್ತು. ಒಮ್ಮೆಯೂ ಮತ್ತೆ ಕಳಿಸಿರಲಿಲ್ಲ.

‘ನನ್ನ ಕೋಡ್ ಅಲ್ಲ ಮೇಡಂ, ನನ್ನ ತಲೆಯೇ ಗಲೀಜು ಅನ್ಸುತ್ತೆ’ ಎಂದರು.

ಈ ಮಾತು ಕೇಳಿ ನನಗೆ ನಿಜಕ್ಕೂ ಬೇಸರವಾಯಿತು. ಆಪ್ತಸಲಹೆಯ ಕೆಲಸಕ್ಕೆ ಬರುವ ಮೊದಲು ನಾನೂ ಹಲವು ವರ್ಷ ಕೋಡ್ ಬರೆದವಳು. ಒಂದು ಫೈಲ್ ಬಗ್ಗೆ ಹೇಳಿದ ಮಾತು ಬರೆದವರ ಮೇಲಿನ ತೀರ್ಪಾಗಿ ಬದಲಾಗೋದು ಎಷ್ಟು ಸುಲಭ ಎಂದು ಗೊತ್ತು. ಸಾಮಾನ್ಯವಾಗಿ ನಾನು ಯಾರ ಕೆಲಸವನ್ನೂ ನೋಡಲು ಕೇಳುವುದಿಲ್ಲ. ಇಲ್ಲಿ ನೋಡದೆ ಮಾತಾಡಿದರೆ ಸುಮ್ನೆ ಸಮಾಧಾನ ಹೇಳಿದ ಹಾಗಾಗುತ್ತಿತ್ತು. ಕಚೇರಿಯ ಕೋಡ್ ಹೊರಗೆ ತರುವಂತಿಲ್ಲ. ಹಾಗಾಗಿ ಅದೇ ದಿನಗಳಲ್ಲಿ ಅಭ್ಯಾಸಕ್ಕೆಂದು ಬರೆದುಕೊಂಡಿದ್ದ ಇನ್ನೊಂದು ಪ್ರೋಗ್ರಾಂ ತನ್ನಿ ಎಂದೆ.

ಎರಡನೇ ಭೇಟಿಗೆ ತಂದರು. ನಾನು ಸ್ಕ್ರೀನ್ ನೋಡಲಿಲ್ಲ. ‘ಫೋನಿನಲ್ಲಿ ನನಗೆ ಹೇಳ್ತಿದ್ದೀರಿ ಅಂದ್ಕೊಂಡು ಗಟ್ಟಿಯಾಗಿ ಓದಿ’ ಎಂದೆ. ಹತ್ತು ಸಾಲು ಸರಾಗವಾಗಿ ಹೋಯಿತು. ಹನ್ನೊಂದನೇ ಸಾಲಿನಲ್ಲಿ ‘ಡಿ2’ ಎಂಬ ವೇರಿಯಬಲ್ (ಕೋಡಿನಲ್ಲಿ ಒಂದು ಮಾಹಿತಿಗೆ ಇಟ್ಟ ಹೆಸರು) ಬಂತು. ನಿಂತರು. ಮೇಲಕ್ಕೆ ಸ್ಕ್ರೋಲ್ ಮಾಡಿದರು, ಕೆಳಕ್ಕೆ ಹೋದರು, ಮತ್ತೆ ಮೇಲಕ್ಕೆ ಬಂದರು. ಆಮೇಲೆ ‘ಎರಡೆರಡು ಸಲ ಬಂದಿದ್ದನ್ನು ತೆಗೆದ ಮೇಲೆ ಉಳಿದ ಆರ್ಡರ್‌ಗಳು’ ಎಂದರು. ಅದೇ ಸಾಲಿನಲ್ಲಿ, ಒಂದು ಕೆಲಸಕ್ಕೆಂದು ಹೆಸರಿಟ್ಟು ಬರೆದ ಕೋಡಿನ ತುಂಡಾದ ಒಂದು ಫಂಕ್ಷನ್‌ಗೆ ‘ಟ್ರೂ’ (ಹೌದು) ಎಂದು ಕಳಿಸಿದ್ದರು. ಅದೇನು ಎಂದು ಹೇಳಲು ಇನ್ನೂ ಜಾಸ್ತಿ ಹೊತ್ತು ಹಿಡಿಯಿತು. ‘ರದ್ದಾದ ಆರ್ಡರ್‌ಗಳನ್ನೂ ಲೆಕ್ಕಕ್ಕೆ ತಗೋ ಅಂತ.’

‘ಈಗ ಬಾಯಲ್ಲಿ ಹೇಳಿದಿರಲ್ಲ, ಅದೇ ಹೆಸರು. ಡಿ2 ಬದಲು ಅದನ್ನೇ ಬರೀರಿ’ ಎಂದೆ.

ಆಕೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಕೋಡ್ ಬರೆದು ಎರಡು ತಿಂಗಳಷ್ಟೇ ಆಗಿತ್ತು. ಬರೆದವರಿಗೇ ಸ್ಕ್ರೋಲ್ ಮಾಡದೆ ಹೇಳಲಾಗಲಿಲ್ಲ. ರಿವ್ಯೂ ಮಾಡಿದವರಿಗೆ ಆಗಿದ್ದೂ ಇಷ್ಟೇ ಅಲ್ವಾ? ಅವರೂ ಕಚೇರಿಯ ಕೋಡಿನಲ್ಲಿ ಡಿ2 ಥರದ ಹೆಸರು ಕಂಡು ಮೇಲಕ್ಕೆ ಹೋಗಿದ್ದರು, ಕೆಳಕ್ಕೆ ಬಂದಿದ್ದರು. ಆ ಸುಸ್ತೇ 31 ಕಾಮೆಂಟುಗಳಾಗಿತ್ತು.

ಕಂಪ್ಯೂಟರ್‌ಗೆ ಡಿ2 ಆದರೂ ಒಂದೇ, ಉದ್ದನೆಯ ಹೆಸರಾದರೂ ಒಂದೇ. ಹೆಸರು ಬೇಕಿರುವುದು ಆಮೇಲೆ ಓದುವ ಮನುಷ್ಯರಿಗೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ‘ಪೆಪ್ 8’ ಎಂಬ ಬರವಣಿಗೆಯ ಕೈಪಿಡಿ ಇದೆ. 2001ರಲ್ಲಿ ಬಂತು, ಬರೆದವರಲ್ಲಿ ಆ ಭಾಷೆಯನ್ನು ಹುಟ್ಟುಹಾಕಿದ ಗೀಡೊ ವಾನ್ ರೊಸಮ್ ಕೂಡ ಒಬ್ಬರು. ಕೋಡ್ ಬರೆಯುವುದಕ್ಕಿಂತ ಓದುವುದೇ ಹೆಚ್ಚು ಎಂಬ ಮಾತಿನ ಮೇಲೆ ಆ ಕೈಪಿಡಿ ನಿಂತಿದೆ. ಅಂದರೆ ಇದು ಓದುವವರಿಗೆ ತೋರುವ ಕಾಳಜಿ. ಕಾಳಜಿ ತೋರಿಸೋದನ್ನು ಯಾರು ಬೇಕಾದರೂ ಕಲಿಯಬಹುದು. ಅದಕ್ಕೂ ತಲೆ ಗಲೀಜಾಗಿರುವುದಕ್ಕೂ ಸಂಬಂಧವಿಲ್ಲ.

ಆಮೇಲೆ ಇನ್ನೊಂದು ವಿಷಯ ಗೊತ್ತಾಯಿತು. ಭಯಕ್ಕೆ ಬಿದ್ದ ಮೇಲೆ ಈ ಅಭ್ಯಾಸದ ಪ್ರೋಗ್ರಾಂ ಅನ್ನೂ ಒಂದು ಸಲ ‘ಕ್ಲೀನ್’ ಮಾಡಿದ್ದರು. ಫಂಕ್ಷನ್ ಐದು ಸಾಲು ದಾಟಬಾರದು ಎಂದು ಎಲ್ಲೋ ಓದಿದ್ದರಂತೆ. ನಲವತ್ತು ಸಾಲಿನ ಕೆಲಸವನ್ನು ಹದಿನೇಳು ಫಂಕ್ಷನ್ ಮಾಡಿದ್ದರು. ಇದನ್ನೂ ಗಟ್ಟಿಯಾಗಿ ಓದಿ ಎಂದೆ. ಒಂದು ಫಂಕ್ಷನ್ನಿಂದ ಇನ್ನೊಂದಕ್ಕೆ ಹೋಗುವ ಮೂರನೇ ಜಿಗಿತಕ್ಕೇ ಎಲ್ಲಿಂದ ಹೊರಟಿದ್ದೆ ಎಂಬುದು ಆಕೆಗೆ ಮರೆತುಹೋಯಿತು. ಮೊದಲಿನದು ಅವಸರದಲ್ಲಿ ಬರೆದ ಕೋಡ್, ಇದು ಹೆದರಿಕೆಯಲ್ಲಿ ಬರೆದ ಕೋಡ್. ಎರಡರಲ್ಲೂ ಓದುವವರ ನೆನಪಿಲ್ಲ. ಸಾಲುಗಳ ಲೆಕ್ಕವನ್ನು ನಾನು ನಂಬುವುದಿಲ್ಲ. ಫಂಕ್ಷನ್ ಮಾಡುವ ಕೆಲಸವನ್ನು ‘ಮತ್ತು’ ಎಂಬ ಪದ ಇಲ್ಲದೆ ಹೇಳಲು ಬರುತ್ತದಾ ಎಂದು ಕೇಳಿಕೊಳ್ಳಿ ಎಂದೆ. ಬರದಿದ್ದರೆ ಒಡೆಯಿರಿ, ಬಂದರೆ ಬಿಟ್ಟುಬಿಡಿ.

ಕೊಟ್ಟ ಸಲಹೆಗಳಲ್ಲಿ ಮೊದಲನೆಯದನ್ನು ನಾನು ಕಟ್ಟುನಿಟ್ಟಾಗಿಯೇ ಹೇಳಿದೆ. ಮೊದಲಿನಿಂದ ಬರೆಯೋದು ಬಂದ್. ಅಳಿಸಿ ಬರೆದಾಗಲೆಲ್ಲ ಹಳೆಯ ತಪ್ಪು ಹೋಗಿ ಹೊಸ ತಪ್ಪು ಬರುತ್ತದೆ, ಸುಸ್ತು ಮಾತ್ರ ಉಳಿಯುತ್ತದೆ. ಅದರ ಬದಲು ಕೈ ಹಾಕುವ ಮೊದಲು ಕೋಡ್ ಸರಿಯಾಗಿ ನಡೆಯುತ್ತಾ ಎಂದು ನೋಡುವ ಮೂರು ಟೆಸ್ಟ್ ಬರೆಯಿರಿ: ಮಾಮೂಲಿ ಡೇಟಾ, ಖಾಲಿ ಪಟ್ಟಿ, ತಪ್ಪು ಡೇಟಾ. ಆಮೇಲೆ ಒಂದು ಹೆಸರು ಬದಲಿಸಿ. ಟೆಸ್ಟ್ ಓಡಿಸಿ. ಕಮಿಟ್ ಮಾಡಿ, ಅಂದರೆ ಆ ಬದಲಾವಣೆಯನ್ನು ದಾಖಲಿಸಿಡಿ. ಆಮೇಲೆ ಇನ್ನೊಂದು. ಮೊದಲ ವಾರ ಹೆಸರು ಬಿಟ್ಟು ಬೇರೇನನ್ನೂ ಮುಟ್ಟಬೇಡಿ ಎಂದೆ. ಇದು ತೀರಾ ಕಮ್ಮಿ ಅನ್ನಿಸಿತು ಆಕೆಗೆ. ಆದರೆ ಕೋಡ್ ಓದಲು ಕಷ್ಟವಾಗುವುದು ಬಹಳ ಸಲ ಹೆಸರುಗಳಿಂದಲೇ ಎಂಬುದು ನನ್ನ ಅನುಭವ.

ಎರಡನೇ ವಾರ ದೊಡ್ಡ ಫಂಕ್ಷನ್. 180 ಸಾಲಿತ್ತು. ಒಡೆಯುವ ಮೊದಲು ಸುಮ್ನೆ ಖಾಲಿ ಸಾಲು ಹಾಕಿ, ಪ್ಯಾರಾ ಮಾಡಿದ ಹಾಗೆ, ಎಂದೆ. ಐದು ಪ್ಯಾರಾ ಆಯಿತು. ಪ್ರತಿಯೊಂದಕ್ಕೂ ಹೆಸರಿಟ್ಟಾಗ ಅವು ತಾವಾಗಿಯೇ ಐದು ಫಂಕ್ಷನ್ ಆದವು. ಒಂದರೊಳಗೆ ಒಂದು ಐದು ‘ಇಫ್’ (‘ಹೀಗಿದ್ದರೆ’ ಎಂಬ ಷರತ್ತು) ಇದ್ದ ಜಾಗದಲ್ಲಿ, ಪಟ್ಟಿ ಖಾಲಿಯಿದ್ದರೆ ಅಲ್ಲಿಂದಲೇ ರಿಟರ್ನ್ ಮಾಡಿ (ಫಂಕ್ಷನ್ನಿಂದ ಹೊರಬನ್ನಿ) ಎಂದು ತೋರಿಸಿದೆ. ಪ್ರತಿ ಇಫ್ ಒಳಗೂ ಬಲಕ್ಕೆ ಸರಿಯುತ್ತ ಹೋಗಿದ್ದ ಕೋಡ್ ಎಡಕ್ಕೆ ಸರಿದು ಬಂದದ್ದನ್ನು ನೋಡಿ ಮೊದಲ ಸಲ ನಕ್ಕರು.

ಕಂಪ್ಯೂಟರ್ ಲೆಕ್ಕಕ್ಕೆ ತಗೊಳ್ಳದಂತೆ ಕಾಮೆಂಟ್ ಮಾಡಿ ಮುಚ್ಚಿಟ್ಟ ಹಳೆಯ ಕೋಡ್ ಅರವತ್ತು ಸಾಲಿನಷ್ಟಿತ್ತು. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದರೆ ‘ಬೇಕಾದರೆ?’ ಎಂದರು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಬರೆದ, ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಇರುವುದೇ ಇಂಥದ್ದಕ್ಕೆ. ಕಮಿಟ್ ಮಾಡಿದ್ದು ಎಲ್ಲೂ ಹೋಗುವುದಿಲ್ಲ, ಬೇಕೆಂದಾಗ ಸಿಗುತ್ತದೆ. ಅಷ್ಟೂ ಅಳಿಸಲು ಆಕೆಗೆ ಎರಡು ದಿನ ಧೈರ್ಯ ಬರಲಿಲ್ಲ. ನಾನು ಅವಸರ ಮಾಡಲಿಲ್ಲ.

ನಿಜವಾದ ಕಾಮೆಂಟುಗಳ, ಅಂದರೆ ಓದುವವರಿಗೆಂದು ಕೋಡಿನೊಳಗೇ ಬರೆಯುವ ಟಿಪ್ಪಣಿಗಳ, ವಿಷಯವೇ ಬೇರೆ. ‘ಕೌಂಟ್‌ಗೆ ಒಂದು ಕೂಡಿಸು’ ಎಂದು ಬರೆದಿದ್ದರು. ಕೋಡ್ ಅದನ್ನು ಆಗಲೇ ಹೇಳುತ್ತಿದೆ. ಇನ್ನೊಂದು ಕಡೆ 86400 ಎಂಬ ಅಂಕಿ ವಿವರಣೆ ಇಲ್ಲದೆ ಕೂತಿತ್ತು. ಅದು ಒಂದು ದಿನದ ಸೆಕೆಂಡುಗಳು. ಆ ಅಂಕಿಗೆ ಹೆಸರು ಕೊಡಿ. ಪಕ್ಕದಲ್ಲಿ ಒಂದು ದಿನವೇ ಯಾಕೆ ಕಾಯಬೇಕು ಎಂಬ ಕಾರಣ ಬರೆಯಿರಿ. ಕಾರಣ ಕೋಡಿನಲ್ಲಿ ಕಾಣುವುದಿಲ್ಲ, ಅದನ್ನು ಬರೆಯಲೇಬೇಕು. ಸ್ಪೇಸ್, ಅಲ್ಪವಿರಾಮ, ಸಾಲಿನ ಉದ್ದ ಎಲ್ಲವನ್ನೂ ಇವನ್ನು ತಾನೇ ಸರಿಮಾಡುವ ಸಾಧನವಾದ ಫಾರ್ಮ್ಯಾಟರ್‌ಗೆ ಬಿಡಿ. ಪೈಥಾನ್‌ಗೆ ಬ್ಲ್ಯಾಕ್ ಇದೆ, ಜಾವಾಸ್ಕ್ರಿಪ್ಟ್‌ಗೆ ಪ್ರೆಟಿಯರ್ ಇದೆ.

ರಿವ್ಯೂನಲ್ಲಿ ಬಂದ ಆ 31 ಕಾಮೆಂಟುಗಳನ್ನು ಹಗಲಿನಲ್ಲಿ, ಕಚೇರಿಯಲ್ಲೇ ಕೂತು ಮೂರು ಗುಂಪು ಮಾಡಲು ಹೇಳಿದ್ದೆ. ಫಾರ್ಮ್ಯಾಟರ್ ಸರಿಮಾಡುವಂಥವು ಒಂಬತ್ತು. ಅರ್ಥವಾಗಲಿಲ್ಲ ಎಂಬ ಥರದವು ಹತ್ತೊಂಬತ್ತು. ನಿಜವಾದ ಬಗ್ (ಕೋಡಿನ ತಪ್ಪು) ಮೂರೇ. ಮೂರು ವಾರ ಈ ಮೂವತ್ತೊಂದೂ ಆಕೆಗೆ ಒಂದೇ ಥರ ಕೇಳಿಸಿತ್ತು. ಹಿರಿಯರಿಗೆ ಒಂದು ಪ್ರಶ್ನೆಯನ್ನೂ ಕಳಿಸಿ ಎಂದೆ: ‘ಓದುವಾಗ ನೀವು ಮೊದಲು ಎಲ್ಲಿ ನಿಂತಿರಿ?’ ಅವರು ಅರ್ಧ ಗಂಟೆ ಪಕ್ಕದಲ್ಲಿ ಕೂತು ತೋರಿಸಿದರಂತೆ. ಆದರೂ ಆ ಸಾಲನ್ನು ಅವರು ಬೇರೆ ಥರ ಬರೆಯಬಹುದಿತ್ತು. ಏಳು ತಿಂಗಳ ಹೊಸಬರಿಗೆ ‘ಯಾರಿಗೂ’ ಎಂಬ ಪದ ಬಹಳ ಭಾರ.

ರಾತ್ರಿ ಲ್ಯಾಪ್‌ಟಾಪ್ ಮುಟ್ಟಬಾರದು ಎಂದೂ ಒಪ್ಪಂದವಾಯಿತು. ಏನಾದರೂ ಹೊಳೆದರೆ ಕಾಗದದಲ್ಲಿ ಒಂದು ಸಾಲು ಬರೆದು ಮಲಗುವುದು. ಎರಡು ವಾರದಲ್ಲಿ ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕೆಂದು ಹೇಳಿದ್ದೆ. ಅದಕ್ಕೆ ಮೊದಲೇ ಸುಧಾರಿಸಿತು.

ಮಂಗಳನ ನೌಕೆಯ ವಿಷಯವನ್ನು ಮೂರನೇ ಭೇಟಿಯವರೆಗೂ ಬೇಕೆಂದೇ ಹೇಳಿರಲಿಲ್ಲ. ಮೊದಲೇ ಹೇಳಿದ್ದರೆ ಹೆದರಿಕೆ ಜಾಸ್ತಿಯಾಗುತ್ತಿತ್ತು. ಎಷ್ಟು ಹೊತ್ತು ಕಾಯಬೇಕು ಎಂಬ ಅಂಕಿಗೆ ಇಡುವ ಹೆಸರಿನ ಬಗ್ಗೆ ಆಕೆಯೇ ಒಂದು ದಿನ ಕೇಳಿದರು, ‘ಟೈಮ್‌ಔಟ್ ಅಂದ್ರೆ ಸಾಕಲ್ವಾ, ಟೈಮ್‌ಔಟ್ ಸೆಕೆಂಡ್ಸ್ ಅಂತ ಯಾಕೆ?’ ಆಗ ಹೇಳಿದೆ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳದ ಹತ್ತಿರ ಕಳೆದುಹೋಯಿತು. ಒಂದು ಸಾಫ್ಟ್‌ವೇರ್ ಪೌಂಡ್-ಸೆಕೆಂಡ್ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಮುಂದಿನದು ನ್ಯೂಟನ್-ಸೆಕೆಂಡ್ ಎಂದು ತೆಗೆದುಕೊಂಡಿತ್ತು. ಹೆಸರು ಸರಿಯಿದ್ದಿದ್ದರೆ ನೌಕೆ ಉಳಿಯುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅಂಕಿಯ ಜೊತೆ ಅದರ ಅಳತೆಯೂ ಇದ್ದರೆ ಓದುವವರು ಊಹಿಸಬೇಕಾಗುವುದಿಲ್ಲ, ಅಷ್ಟೇ.

ನಾಲ್ಕನೇ ಭೇಟಿಯ ಹೊತ್ತಿಗೆ ಕಚೇರಿಯ ಕೋಡ್ ಮತ್ತೆ ರಿವ್ಯೂಗೆ ಹೋಗಿ ಆರು ಕಾಮೆಂಟ್ ಬಂದಿತ್ತು. ಐದನ್ನು ಸರಿಮಾಡಿದ್ದರು. ಆರನೆಯದಕ್ಕೆ ಯಾಕೆ ಬದಲಿಸುವುದಿಲ್ಲ ಎಂದು ಎರಡು ಸಾಲು ಬರೆದಿದ್ದರು, ರಿವ್ಯೂ ಮಾಡಿದವರು ಒಪ್ಪಿದ್ದರು. ಅಭ್ಯಾಸದ ಪ್ರೋಗ್ರಾಂನಲ್ಲಿ ಇನ್ನೂ ಒಂದು ಫಂಕ್ಷನ್ 45 ಸಾಲಿದೆ, ಅದನ್ನು ಒಡೆಯಲ್ಲ ಎಂದರು. ಗಟ್ಟಿಯಾಗಿ ಓದಿ ಎಂದೆ. ಓದಿದರು. ಒಂದೇ ಒಂದು ಕಡೆ ನಿಂತರು, ಅಲ್ಲಿದ್ದ ಹೆಸರನ್ನು ಬದಲಿಸಿ, ಮುಂದಕ್ಕೆ ಓದಿಕೊಂಡು ಹೋದರು.