ಹಳೆಯ ಬಿಎಂಡಬ್ಲ್ಯು ಎಕ್ಸ್5 ಕೊಳ್ಳಬಹುದೇ? ನ್ಯೂಜೆರ್ಸಿಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ಎಡಿಸನ್‌ನಲ್ಲಿ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿರುವ ನೀವು ಕೇಳಿರುವುದು ಇಷ್ಟು: 1,12,000 ಮೈಲಿ ಓಡಿರುವ, ಏಳು ಸೀಟುಗಳ 2012ರ ಬಿಎಂಡಬ್ಲ್ಯು ಎಕ್ಸ್5 35ಐ ಕಾರು 8,500 ಡಾಲರಿಗೆ ಸಿಗುತ್ತಿದೆ, ಬೇಸಿಗೆಗೆ ತಂದೆ ತಾಯಿ ಬರುವವರಿದ್ದಾರೆ, ಮನೆಗೆ ಇದೊಂದೇ ಕಾರು, ಕೊಳ್ಳಬಹುದೇ, ರಿಪೇರಿಗೆ ಎಷ್ಟು ತೆಗೆದಿಡಬೇಕು? ಈ ಕಾರುಗಳ ಸಹವಾಸ ನನಗೆ ಸಾಕಷ್ಟು ಹಳೆಯದಾದ್ದರಿಂದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯ ಕಾರಾಗಿ, ಕೈಯಲ್ಲಿ ಇನ್ನೂ ನಾಲ್ಕು ಸಾವಿರ ಡಾಲರ್ ಇಟ್ಟುಕೊಂಡು ಕೊಳ್ಳುವುದಾದರೆ ಅಭ್ಯಂತರವಿಲ್ಲ. ಮನೆಯ ಏಕೈಕ ಕಾರಾಗಿ ಬೇಡ.

ಬೆಂಗಳೂರಿನಲ್ಲಿ ಹೊಸ ಎಕ್ಸ್5 ಎಂದರೆ ಕೋಟಿಯ ಮಾತು. ಅದನ್ನು ಕೇಳಿ ಬಂದವರಿಗೆ ಇಲ್ಲಿನ ಬೆಲೆ ಪುಕ್ಕಟೆ ಎನ್ನಿಸುವುದು ಸಹಜ. ಆದರೆ ವರ್ಷಗಳು ಕಳೆದಂತೆ ಇಳಿದಿರುವುದು ಕಾರಿನ ಬೆಲೆ ಮಾತ್ರ. ಅದರ ಬಿಡಿಭಾಗಗಳ ಬೆಲೆಯಾಗಲಿ, ಅದನ್ನು ಬಿಚ್ಚಿ ಜೋಡಿಸಲು ಹಿಡಿಯುವ ಗಂಟೆಗಳಾಗಲಿ ಇಳಿದಿಲ್ಲ. ನಮ್ಮ ಊರುಗಳಲ್ಲಿ ಮೆಕ್ಯಾನಿಕ್ಕಿನ ಕೂಲಿಯನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ; ಇಲ್ಲಿ ಬಿಲ್ಲಿನ ದೊಡ್ಡ ಪಾಲು ಅದೇ. ಜರ್ಮನ್ ಕಾರುಗಳನ್ನು ಬಲ್ಲ ಖಾಸಗಿ ರಿಪೇರಿ ಅಂಗಡಿಯಲ್ಲಿ ಗಂಟೆಗೆ ಸುಮಾರು 130ರಿಂದ 180 ಡಾಲರ್ ಇರುತ್ತದೆ, ಅಧಿಕೃತ ಡೀಲರ್ ಬಳಿ 200 ಡಾಲರನ್ನು ಸಲೀಸಾಗಿ ದಾಟುತ್ತದೆ. ಮುಂದೆ ನಾನು ಕೊಡುವ ಅಂಕಿಗಳೆಲ್ಲ ಖಾಸಗಿ ಅಂಗಡಿಯ ಅಂದಾಜುಗಳು. ಡೀಲರ್ ಬಳಿ ಇವು ಒಂದೂವರೆ ಪಟ್ಟಾದರೂ ಆಗುತ್ತವೆ.

ನೀವು ನೋಡಿರುವುದು ಇ70 ಎಂಬ ಪೀಳಿಗೆಯ ಕಾರು, ದಕ್ಷಿಣ ಕೆರೊಲಿನಾದ ಸ್ಪಾರ್ಟನ್‌ಬರ್ಗ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದರಲ್ಲಿ 35ಐ ಎಂದರೆ ಆರು ಸಿಲಿಂಡರುಗಳು ಸಾಲಾಗಿರುವ 3 ಲೀಟರಿನ ಟರ್ಬೊ ಎಂಜಿನ್, ಹೆಸರು ಎನ್55. ಆಯ್ಕೆಯ ಮಟ್ಟಿಗೆ ನೀವು ಸರಿಯಾದ ದಾರಿಯಲ್ಲೇ ಇದ್ದೀರಿ. ಅದೇ ಕಾಲದ 50ಐ ಮಾದರಿಯ ಎನ್63 ವಿ8 ಎಂಜಿನ್ ಎಣ್ಣೆ ಕುಡಿಯುವುದಕ್ಕೆ ಎಷ್ಟು ಹೆಸರಾಯಿತೆಂದರೆ, 2014ರ ಕೊನೆಯಲ್ಲಿ ಕಂಪನಿಯೇ ಆ ಎಂಜಿನ್ನಿನ ಕಾರುಗಳಿಗಾಗಿ ವಿಶೇಷ ಸೇವಾ ಯೋಜನೆಯೊಂದನ್ನು ಪ್ರಕಟಿಸಬೇಕಾಯಿತು. ಆ ಮಾದರಿ ಎರಡು ಸಾವಿರ ಡಾಲರ್ ಅಗ್ಗಕ್ಕೆ ಸಿಕ್ಕರೂ ಅತ್ತ ತಿರುಗಿ ನೋಡಬೇಡಿ.

ಎನ್55 ಎಂಜಿನ್ನಿನ ಮುಖ್ಯ ಕಾಯಿಲೆ ಸೋರಿಕೆ. ಲಕ್ಷ ಮೈಲಿಯ ಹೊತ್ತಿಗೆ, ಭಾಗಗಳ ಸಂದಿಯಲ್ಲಿ ಎಣ್ಣೆ ಸೋರದಂತೆ ತಡೆಯುವ ರಬ್ಬರ್ ಗ್ಯಾಸ್ಕೆಟ್ಟುಗಳು ಬಿಸಿಯಲ್ಲಿ ಬೆಂದು ಗಟ್ಟಿಯಾಗಿ, ಒಂದರ ಹಿಂದೊಂದು ಎಣ್ಣೆ ಬಿಡತೊಡಗುತ್ತವೆ. ಇವುಗಳಲ್ಲಿ ಆಯಿಲ್ ಫಿಲ್ಟರ್ ಹೌಸಿಂಗಿನ, ಅಂದರೆ ಎಣ್ಣೆ ಸೋಸುವ ಫಿಲ್ಟರ್ ಕೂರುವ ಗೂಡಿನ, ಗ್ಯಾಸ್ಕೆಟ್ ಬದಲಿಸುವುದನ್ನು ಎಂದೂ ಮುಂದೂಡಬಾರದು. ರಬ್ಬರಿನ ಆ ಚೂರಿನ ಬೆಲೆ ಅತ್ಯಲ್ಪ, ಕೂಲಿ ಸೇರಿದರೆ 400ರಿಂದ 700 ಡಾಲರ್. ಆದರೆ ಅಲ್ಲಿಂದ ಜಿನುಗುವ ಎಣ್ಣೆ ನೇರವಾಗಿ ಕೆಳಗಿನ ಬೆಲ್ಟಿನ ಮೇಲೆ ಬೀಳುತ್ತದೆ. ಎಣ್ಣೆ ಕುಡಿದು ಉಬ್ಬಿದ ಬೆಲ್ಟ್ ಒಂದು ದಿನ ಹೆದ್ದಾರಿಯಲ್ಲಿ ಜಾರಿ ಹರಿದರೆ, ಅದರ ಎಳೆಗಳು ಬೆಲ್ಟನ್ನು ತಿರುಗಿಸುವ ಗಾಲಿಯಾದ ಕ್ರ್ಯಾಂಕ್ ಪುಲ್ಲಿಗೆ ಸುತ್ತಿಕೊಂಡು, ಮುಂಭಾಗದ ಸೀಲನ್ನು ಸೀಳಿ ಎಂಜಿನ್ನಿನ ಒಳಕ್ಕೇ ನುಗ್ಗುವುದುಂಟು. ಆಗ ಎಂಜಿನ್ನಿನ ತಳವನ್ನು ಬಿಚ್ಚಿ ಚೂರುಗಳನ್ನು ಹೆಕ್ಕಬೇಕು, ಇಲ್ಲವೇ ಎಂಜಿನ್ನನ್ನೇ ಬಿಟ್ಟುಕೊಡಬೇಕು. ಕಾರು ನೋಡಲು ಹೋದಾಗ ಬಾನೆಟ್ ತೆಗೆಸಿ, ಟಾರ್ಚ್ ಹಿಡಿದು ಈ ಹೌಸಿಂಗಿನ ಕೆಳಭಾಗವನ್ನೂ ಬೆಲ್ಟಿನ ಅಂಚನ್ನೂ ನೋಡಿ. ಒದ್ದೆಯಿದ್ದರೆ ಆ ಖರ್ಚು ಇಂದೇ ಇದೆ ಎಂದು ತಿಳಿಯಿರಿ.

ಎಂಜಿನ್ನಿನ ಮೇಲಿನ ಮುಚ್ಚಳವಾದ ವಾಲ್ವ್ ಕವರ್ ಸೋರಿದರೆ ಸುಟ್ಟ ಎಣ್ಣೆಯ ವಾಸನೆ ಎಸಿಯ ಗಾಳಿಯೊಂದಿಗೆ ಒಳಗೆ ಬರುತ್ತದೆ. ಈ ಕವರ್ ಪ್ಲಾಸ್ಟಿಕ್ಕಿನದು, ಬಿರುಕು ಬಿಟ್ಟಿರುವ ಸಂಭವವೇ ಹೆಚ್ಚಾದ್ದರಿಂದ ಇಡೀ ಕವರನ್ನೇ ಬದಲಿಸುವುದು ವಾಡಿಕೆ; 900ರಿಂದ 1,400 ಡಾಲರ್ ಆದೀತು. ಎಂಜಿನ್ನಿನ ತಳದ ಎಣ್ಣೆಯ ತಟ್ಟೆಯಾದ ಆಯಿಲ್ ಪ್ಯಾನಿನ ಗ್ಯಾಸ್ಕೆಟ್ ಸೋರಿದರೆ ಇನ್ನೂ ಕಷ್ಟ, ಏಕೆಂದರೆ ನಾಲ್ಕು ಚಕ್ರಗಳಿಗೂ ಶಕ್ತಿ ಹೋಗುವ ಈ ಕಾರಿನಲ್ಲಿ ಅಲ್ಲಿಗೆ ಕೈ ತಲುಪಬೇಕಾದರೆ ಎಂಜಿನ್ನನ್ನು ಮೇಲಿಂದ ತೂಗುಹಾಕಿ, ಅದರ ಕೆಳಗಿನ ಲೋಹದ ಚೌಕಟ್ಟಾದ ಮುಂದಿನ ಸಬ್‌ಫ್ರೇಮನ್ನು ಕೆಳಗಿಳಿಸಬೇಕು. ಬರೀ ಜಿನುಗುತ್ತಿದ್ದರೆ ನಾನಾದರೆ ಅದನ್ನು ಹಾಗೆಯೇ ಬಿಟ್ಟು, ಎಣ್ಣೆಯ ಮಟ್ಟ ನೋಡಿಕೊಂಡಿರುತ್ತೇನೆ. ಅಂದಹಾಗೆ, ಮಟ್ಟ ನೋಡಲು ಇದರಲ್ಲಿ ಡಿಪ್‌ಸ್ಟಿಕ್ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಪರದೆಯಲ್ಲೇ ನೋಡಬೇಕು.

ಇನ್ನು ಎಂಜಿನ್ನನ್ನು ತಂಪಾಗಿಡುವ ದ್ರವವನ್ನು ಹರಿಸುವ ವಾಟರ್ ಪಂಪ್. ಇದು ಬೆಲ್ಟಿನಿಂದಲ್ಲ, ವಿದ್ಯುತ್ತಿನಿಂದ ತಿರುಗುವಂಥದ್ದು. ಕೆಡುವ ಮುನ್ನ ಸದ್ದನ್ನಾಗಲಿ ಸೋರಿಕೆಯನ್ನಾಗಲಿ ತೋರಿಸದೆ ಹಠಾತ್ತನೆ ನಿಲ್ಲುವುದೇ ಹೆಚ್ಚು. ಎಂಜಿನ್ ಬಿಸಿಯಾಗಿದೆ ಎಂಬ ಎಚ್ಚರಿಕೆ ಬಂದ ಮೇಲೂ ಓಡಿಸಿದರೆ ಅಲ್ಯೂಮಿನಿಯಂ ಹೆಡ್ ಬಾಗಿ ಕಾರಿನ ಬೆಲೆಯಷ್ಟೇ ರಿಪೇರಿಯಾದೀತು. ಥರ್ಮೋಸ್ಟ್ಯಾಟ್ ಸಹಿತ ಬದಲಿಸಲು 900ರಿಂದ 1,300 ಡಾಲರ್. ಹಿಂದೆ ಯಾವಾಗ ಬದಲಿಸಿದ್ದಾರೆ ಎಂಬ ರಸೀದಿ ಇಲ್ಲದಿದ್ದರೆ, ಬದಲಿಸಿಯೇ ಇಲ್ಲ ಎಂದು ಎಣಿಸಿ ಬೆಲೆ ಇಳಿಸಲು ಕೇಳಿ.

ಏಳು ಸೀಟಿನ ಎಕ್ಸ್5ನಲ್ಲಿ ಹಿಂದಿನ ಸಸ್ಪೆನ್ಷನ್ ಗಾಳಿಯದು. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಹಿಂಭಾಗದಲ್ಲಿ ಕುಸಿದು ಕೂತಿದ್ದರೆ ಗಾಳಿಚೀಲ ಸೋರುತ್ತಿದೆ. ಅದನ್ನು ಅಲಕ್ಷಿಸಿದರೆ ಸದಾ ಗಾಳಿ ತುಂಬುತ್ತಲೇ ಇರಬೇಕಾದ ಕಂಪ್ರೆಸರ್ ಕೂಡ ಸುಡುತ್ತದೆ. ಎರಡನ್ನೂ ಸೇರಿಸಿದರೆ ಸಾವಿರದಿಂದ ಹದಿನೈದು ನೂರು. ಇಷ್ಟು ತೆತ್ತು ಪಡೆಯುವ ಮೂರನೆಯ ಸಾಲು ಮಕ್ಕಳಿಗೆ ಮಾತ್ರ ತಕ್ಕದ್ದು, ಮಂಡಿನೋವಿರುವ ಹಿರಿಯರು ಅಲ್ಲಿಗೆ ನುಸುಳಿ ಹೋಗಲಾರರು.

ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್, ಬ್ರೇಕ್ ಮತ್ತು ನಾಲ್ಕು ಚಕ್ರಗಳ ದೀಪಗಳು ಒಟ್ಟಿಗೆ ಹೊತ್ತಿದರೆ ಗಾಬರಿ ಬೇಡ. ಬಹುಪಾಲು ಅದು, ಎಂಜಿನ್ನಿನ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಮೋಟರಿನೊಳಗಿನ ಸವೆದ ಪ್ಲಾಸ್ಟಿಕ್ ಗೇರು. ಗೇರನ್ನಷ್ಟೇ ಬದಲಿಸಬಲ್ಲ ಮೆಕ್ಯಾನಿಕ್ ಸಿಕ್ಕರೆ ಮುನ್ನೂರು ನಾನ್ನೂರರಲ್ಲಿ ಮುಗಿಯುತ್ತದೆ. ಟೈರುಗಳನ್ನು ಮಾತ್ರ ಒಂದೊಂದಾಗಿ ಬದಲಿಸಬೇಡಿ, ಸವೆತದ ವ್ಯತ್ಯಾಸ ಇದೇ ಟ್ರಾನ್ಸ್‌ಫರ್ ಕೇಸನ್ನು ತಿನ್ನುತ್ತದೆ. ಸ್ಟೆಪ್ನಿ ಇಲ್ಲದ ಕಾರಾದ್ದರಿಂದ ಪಂಕ್ಚರ್ ಆದರೂ ಸ್ವಲ್ಪ ದೂರ ಓಡಬಲ್ಲ ರನ್‌ಫ್ಲ್ಯಾಟ್ ಟೈರುಗಳು ಬೇಕು, ನಾಲ್ಕಕ್ಕೆ ಸಾವಿರದ ಮೇಲೆಯೇ. ಸನ್‌ರೂಫಿನ ನೀರು ಹೋಗುವ ಕೊಳವೆಗಳು ಕಸ ಕಟ್ಟಿಕೊಂಡರೆ ಮಳೆನೀರು ಡಿಕ್ಕಿಯ ತಳಕ್ಕೆ ಇಳಿಯುತ್ತದೆ. ಬ್ಯಾಟರಿಯೂ ಹಲವು ಎಲೆಕ್ಟ್ರಾನಿಕ್ ಪೆಟ್ಟಿಗೆಗಳೂ ಇರುವುದು ಅಲ್ಲಿಯೇ. ಡಿಕ್ಕಿಯ ಹಲಗೆ ಎತ್ತಿ ಮೂಸಿ ನೋಡಿ, ಹಳಸು ವಾಸನೆ ಬಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ನ್ಯೂಜೆರ್ಸಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ತಪಾಸಣೆ 2010ರಿಂದೀಚೆಗೆ ಖಾಸಗಿ ಕಾರುಗಳ ಮಟ್ಟಿಗೆ ಹೊಗೆಗೆ ಸಂಬಂಧಿಸಿದ್ದು ಮಾತ್ರ. ಆದ್ದರಿಂದ ಹೊಸ ಸ್ಟಿಕರ್ ಇದೆ ಎಂದು ಬ್ರೇಕು, ಸಸ್ಪೆನ್ಷನ್ ಚೆನ್ನಾಗಿವೆ ಎಂದು ನಂಬುವ ಹಾಗಿಲ್ಲ. ಚೆಕ್ ಎಂಜಿನ್ ದೀಪ ಹೊತ್ತಿದ್ದರೆ ತಪಾಸಣೆಯಲ್ಲಿ ಪಾಸಾಗುವುದಿಲ್ಲ; ಹೀಗಾಗಿ ಮಾರುವ ಮುನ್ನ ಕಾರಿನ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಅಳಿಸಿ ದೀಪ ಆರಿಸುವವರಿದ್ದಾರೆ. ಇಪ್ಪತ್ತು ಮೂವತ್ತು ಡಾಲರಿನ ಸ್ಕ್ಯಾನರ್ ಚುಚ್ಚಿ ನೋಡಿದಾಗ ರೆಡಿನೆಸ್ ಮಾನಿಟರುಗಳು, ಅಂದರೆ ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ದಾಖಲೆಗಳು, ಅಪೂರ್ಣ ಎಂದು ಬಂದರೆ, ಈಚೆಗೆ ಕೋಡ್ ಅಳಿಸಿರುವ ಅಥವಾ ಬ್ಯಾಟರಿ ಬಿಚ್ಚಿರುವ ಸೂಚನೆ ಅದು. ದೋಷವಿರುವ ಕಾರು ಕೊಂಡವರ ನೆರವಿಗಿರುವ, ರಾಜ್ಯದ ಹಳೆ ಕಾರುಗಳ ಲೆಮನ್ ಕಾನೂನಿನ ರಕ್ಷಣೆಯೂ ನಿಮಗಿಲ್ಲ, ಅದು ಏಳು ವರ್ಷದೊಳಗಿನ, ಲಕ್ಷ ಮೈಲಿ ಮೀರದ ಕಾರುಗಳಿಗೆ ಮೀಸಲು. ಗಾಜಿನ ಮೇಲಿನ ಚೀಟಿಯಲ್ಲಿ ‘ಆ್ಯಸ್ ಈಸ್’ (ಇದ್ದ ಹಾಗೆಯೇ, ವಾರಂಟಿ ಇಲ್ಲದೆ) ಎಂದಿದ್ದರೆ ರಸ್ತೆಗಿಳಿದ ಮರುಕ್ಷಣದಿಂದ ಖರ್ಚೆಲ್ಲ ನಿಮ್ಮದೇ.

ಏಕೈಕ ಕಾರಾಗಿ ಬೇಡವೆಂದು ನಾನು ಒತ್ತಿ ಹೇಳುವುದು ಡಾಲರಿನ ಕಾರಣಕ್ಕಿಂತ ಹೆಚ್ಚಾಗಿ ದಿನಗಳ ಕಾರಣಕ್ಕೆ. ಬಿಡಿಭಾಗ ತರಿಸಿಕೊಂಡು ರಿಪೇರಿ ಮುಗಿಯುವವರೆಗೆ ಕಾರು ವಾರಗಟ್ಟಲೆ ಅಂಗಡಿಯಲ್ಲಿ ನಿಂತರೆ, ಬಾಡಿಗೆ ಕಾರಿನ ಖರ್ಚು ಬಿಲ್ಲಿನ ಮೇಲೆ ಏರುತ್ತದೆ. ಪರಿಚಯದ ಮೆಕ್ಯಾನಿಕ್ಕಾಗಲಿ, ಕ್ರೆಡಿಟ್ ಇತಿಹಾಸವಾಗಲಿ ಇನ್ನೂ ಬೆಳೆದಿರದ ನಿಮಗೆ ಅದು ಹೆಚ್ಚು ಭಾರ. ತಂದೆ ತಾಯಿಯ ಓಡಾಟಕ್ಕೆ ಹಳೆಯ ಟೊಯೋಟಾ ಸಿಯೆನ್ನಾ ನೋಡಿ. ತಗ್ಗಾದ ನೆಲ, ಪಕ್ಕಕ್ಕೆ ಸರಿಯುವ ಬಾಗಿಲು, ಸೀರೆ ಉಟ್ಟವರೂ ಆರಾಮವಾಗಿ ಹತ್ತಬಹುದು.

ಇಷ್ಟಾದ ಮೇಲೂ ಮನಸ್ಸು ಎಕ್ಸ್5 ಮೇಲೆಯೇ ಇದ್ದರೆ, ಮೊದಲು ಅದರ ವಿಐಎನ್ ಸಂಖ್ಯೆಯನ್ನು (ಪ್ರತಿ ಕಾರಿಗೂ ಪ್ರತ್ಯೇಕವಾಗಿರುವ ಗುರುತಿನ ಸಂಖ್ಯೆ) ಫೆಡರಲ್ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎಯ ಜಾಲತಾಣದಲ್ಲಿ ಹಾಕಿ ನೋಡಿ. ಈ ಪೀಳಿಗೆಯ ಕಾರುಗಳು ತಕಾಟ ಕಂಪನಿಯ ದೋಷಯುಕ್ತ ಏರ್‌ಬ್ಯಾಗುಗಳ ರೀಕಾಲಿನಲ್ಲಿ, ಅಂದರೆ ದೋಷ ಸರಿಪಡಿಸಲು ಕಾರುಗಳನ್ನು ವಾಪಸು ಕರೆಯುವ ಕ್ರಮದಲ್ಲಿ, ಸೇರಿವೆ. 2010ರಿಂದ 2012ರ ಆರು ಸಿಲಿಂಡರಿನ ಕಾರುಗಳಿಗೆ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟಿನ ಟೈಮಿಂಗ್ ಬೋಲ್ಟುಗಳಿಗಾಗಿ 2014ರಲ್ಲಿ ಇನ್ನೊಂದು ರೀಕಾಲ್ ಆಯಿತು. ಬಾಕಿಯಿರುವ ರೀಕಾಲ್ ಕೆಲಸವನ್ನು ಡೀಲರ್ ಬಳಿ ಉಚಿತವಾಗಿ ಮಾಡಿಸಿಕೊಳ್ಳಬಹುದು. ಬಳಿಕ 200ರಿಂದ 300 ಡಾಲರ್ ಕೊಟ್ಟು ನಿಮ್ಮದೇ ಆಯ್ಕೆಯ ಜರ್ಮನ್ ಕಾರು ಮೆಕ್ಯಾನಿಕ್ಕಿನಿಂದ ತಪಾಸಣೆ ಮಾಡಿಸಿ. ನೀವು ಹೋಗುವ ಮುನ್ನ ಎಂಜಿನ್ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬಾರದೆಂದು ಮಾರುವವರಿಗೆ ತಿಳಿಸಿ. ಕಾರನ್ನು ಮೆಕ್ಯಾನಿಕ್ಕಿನ ಲಿಫ್ಟಿಗೆ ಏರಿಸಲು ಅವರು ಒಪ್ಪದಿದ್ದರೆ, ಬೇರೆ ಕಾರು ನೋಡಿ.