ಪಾಷಾಣ ಇಟ್ಟರೆ ಲೆಕ್ಕ ಮುಗೀತಾ?

ಪತ್ರ: ಹೋದ ಸಂಚಿಕೆಯಲ್ಲಿ ಇಲಿ ಜ್ವರದ ಬಗ್ಗೆ ಎರಡು ಪುಟ ಗಣಿತ ಹಾಕಿದ್ದೀರಿ. ಒಂದಕ್ಷರ ಅರ್ಥ ಆಗಲಿಲ್ಲ. ಇಲಿ ಜಾಸ್ತಿ ಆದರೆ ಪಾಷಾಣ ಇಡಬೇಕು, ಅಷ್ಟೇ. ಅದಕ್ಕೆ ಸಮೀಕರಣ ಯಾಕೆ?
– ರೈತ ಓದುಗ, ಚಿಂತಾಮಣಿ ತಾಲ್ಲೂಕು

ಉತ್ತರ: ಸ್ವಾಮಿ, ಆ ಲೇಖನ ಒಣಕಲಾಗಿತ್ತು, ಒಪ್ಪಿದೆ. ಸಮೀಕರಣ ಇಲಿ ಹಿಡಿಯುವುದಿಲ್ಲ, ಬೆಕ್ಕು ಹಿಡಿಯುತ್ತದೆ, ಅದನ್ನೂ ಒಪ್ಪಿದೆ. ಆದರೆ 'ಅಷ್ಟೇ' ಅಂದಿರಲ್ಲ, ಅಲ್ಲಿ ನನಗೆ ಸುಮ್ಮನಿರಲು ಆಗಲಿಲ್ಲ.

ಇಲಿ ಮೂರು ವಾರ ಹೊತ್ತು ಒಂದು ಸಲಕ್ಕೆ ಏಳೆಂಟು ಮರಿ ಹಾಕುತ್ತದೆ. ನೀವು ಅರ್ಧ ಕೊಂದಿರಿ ಅಂತಿಟ್ಟುಕೊಳ್ಳಿ. ಉಳಿದವಕ್ಕೆ ಬಿಲವೂ ಧಾರಾಳ, ಕಾಳೂ ಧಾರಾಳ. ಕೆಲವೇ ತಿಂಗಳಲ್ಲಿ ಮತ್ತೆ ಅಷ್ಟೇ ಇಲಿ! ಪಾಷಾಣ ಇಲಿಯ ಸಾವನ್ನು ಮಾತ್ರ ಹೆಚ್ಚಿಸುತ್ತದೆ. ರಾಗಿ ಭದ್ರ ಮಾಡಿ, ಚರಂಡಿ ತೆಗೆಸಿದರೆ ನಿಮ್ಮ ಊರು ಎಷ್ಟು ಇಲಿ ಸಾಕಬಲ್ಲದು ಅನ್ನುವ ಸಂಖ್ಯೆಯೇ ಇಳಿಯುತ್ತದೆ. ಹಗೇವು ತೋಡಿ ರಾಗಿ ತುಂಬಿದ ನಿಮ್ಮ ತಾತ ಮಾಡಿದ್ದೂ ಇದೇ ಲೆಕ್ಕ. ಕಾಗದ ಬಳಸಲಿಲ್ಲ, ಅಷ್ಟೇ ವ್ಯತ್ಯಾಸ. ಇನ್ನು ಜ್ವರ ಬರುವುದು ಇಲಿಯ ಉಚ್ಚೆ ಸೇರಿದ ಕೆಸರಿನಿಂದ, ಕಾಲಿನ ಗಾಯದ ಮೂಲಕ. ಬೂಟು ಹಾಕಿ ಕೆಸರಿಗಿಳಿದರೆ ಒಂದು ಇಲಿಯೂ ಸಾಯದೆ ಜ್ವರ ಕಡಿಮೆಯಾಗುತ್ತದೆ. ಯಾವುದನ್ನು ಎಷ್ಟು ಮಾಡಿದರೆ ಸಾಕು ಅಂತ ಹೇಳುವುದೇ ಆ ಸಮೀಕರಣದ ಕೆಲಸ.

ಇಲಿಯಿಂದಲೇ ಬರುವ ಇನ್ನೊಂದು ರೋಗ ಪ್ಲೇಗ್, ಅದರ ಕಥೆ ಕೇಳಿ. ನಮ್ಮ ಮುಳಬಾಗಿಲು ಸೀಮೆ 1960ರ ದಶಕದಲ್ಲೂ ಪ್ಲೇಗ್ ಕಂಡಿದೆ. ನಮ್ಮಜ್ಜಿ 'ಇಲಿ ಬಿತ್ತು' ಅಂದರೆ ಸಾಕು, ಹೆದರಿಕೆ ಅವರ ಮುಖದಲ್ಲೇ ಕಾಣುತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರಂತೆ. ಸರಿಯಾಗೇ ಇತ್ತು. ಇಲಿ ಸತ್ತರೆ ಅದರ ಮೈಮೇಲಿನ ಚಿಗಟ ಮನುಷ್ಯನಿಗೆ ಹಾರುತ್ತದೆ. ಪ್ಲೇಗ್ ಎದ್ದಿರುವಾಗ ಬರೀ ಇಲಿ ಕೊಂದರೆ ಜನಕ್ಕೆ ರೋಗ ಹೆಚ್ಚಬಹುದು ಅಂತ ಕೀಲಿಂಗ್, ಗಿಲ್ಲಿಗನ್ ಎಂಬ ಇಬ್ಬರು ವಿಜ್ಞಾನಿಗಳು 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೊದಲು ಚಿಗಟ, ಆಮೇಲೆ ಇಲಿ. ಈಗ ಹೇಳಿ, ಪಾಷಾಣ ಅಷ್ಟೇನಾ?

ರೋಗವನ್ನು ಲೆಕ್ಕದಲ್ಲಿ ಹಿಡಿಯುವ ಈ ವಿದ್ಯೆಯ ಬೇರು ನಮ್ಮಲ್ಲೂ ಇದೆ. 1927ರಲ್ಲಿ ಕರ್ಮ್ಯಾಕ್, ಮೆಕೆಂಡ್ರಿಕ್ ಎಂಬ ಇಬ್ಬರು ವಿಜ್ಞಾನಿಗಳು ರೋಗ ಹೇಗೆ ಹರಡುತ್ತದೆ ಅನ್ನುವ ತಮ್ಮ ಸೂತ್ರವನ್ನು ಒರೆಗೆ ಹಚ್ಚಿದ್ದು ಮುಂಬೈಯ 1905–06ರ ಪ್ಲೇಗ್ ಸಾವುಗಳ ಮೇಲೆ. ಮೆಕೆಂಡ್ರಿಕ್ ಭಾರತದಲ್ಲಿ ದುಡಿದ ವೈದ್ಯ. ಕರ್ಮ್ಯಾಕ್‌ಗೆ ಕಣ್ಣೇ ಇರಲಿಲ್ಲ, 1924ರಲ್ಲಿ ಪ್ರಯೋಗಾಲಯದ ಅಪಘಾತದಲ್ಲಿ ಹೋಗಿತ್ತು! ಲೆಕ್ಕವೆಲ್ಲ ತಲೆಯಲ್ಲೇ. ನಮ್ಮ ಪಿಯುಸಿ ಮಕ್ಕಳು ಕಣ್ಣಿದ್ದೂ ಆ ಸೂತ್ರಕ್ಕೆ ಬೇಕಾದ ಕಲನವನ್ನೇ (ಕ್ಯಾಲ್ಕುಲಸ್) ಅಂಕಕ್ಕೆ ಉರು ಹೊಡೆಯುತ್ತಾರೆ. ಅದರಿಂದ ಒಂದು ಜ್ವರವನ್ನು ಹಿಡಿಯಬಹುದು ಅಂತ ಹೇಳಿಕೊಡುವವರಿಲ್ಲ.

ಮುಂಬೈ ಲೆಕ್ಕ ಕೂಡಿದ್ದು ಯಾರೋ ವಾರವಾರವೂ ಸಾವು ಬರೆದಿಟ್ಟಿದ್ದಕ್ಕೆ. ನಾನು ಒಮ್ಮೆ ಒಂದು ಕಚೇರಿಯಲ್ಲಿ ಹತ್ತು ವರ್ಷದ ಜ್ವರದ ಲೆಕ್ಕ ಕೇಳಿದೆ. ಗೋಣಿಚೀಲದಲ್ಲಿ ರಿಜಿಸ್ಟರ್ ತಂದಿಟ್ಟರು. ಮೂರು ವರ್ಷದ್ದು ಇಲಿ ತಿಂದಿತ್ತು. ಸಿಬ್ಬಂದಿಗೆ ನಗು ಬಂತು, ನನಗೆ ಬರಲಿಲ್ಲ.

ನಿಮ್ಮೂರಲ್ಲಿ ಯಾವ ತಿಂಗಳು ಇಲಿ ಜಾಸ್ತಿ, ಯಾವ ತಿಂಗಳು ಜ್ವರ ಜಾಸ್ತಿ, ಒಂದು ವರ್ಷ ಬರೆದಿಟ್ಟು ಕಳಿಸಿ. ಪಾಷಾಣ ಇಟ್ಟ ದಿನವನ್ನೂ ಬರೆಯಿರಿ. ಹಾಳೆ ಡಬ್ಬಿಯೊಳಗಿರಲಿ.