ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಪ್ರೋಟೀನಿನೊಳಗೆ ಯಾರು ಯಾರನ್ನು ಮುಟ್ಟುತ್ತಾರೆ?

ಪ್ರಶ್ನೆ: ನಾನು ಮೈಸೂರಿನಲ್ಲಿ ಜೀವರಸಾಯನಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ರಾಗಿಕಾಳಿನಲ್ಲಿ ಅಮೈಲೇಸ್ ಮತ್ತು ಟ್ರಿಪ್ಸಿನ್ ಎಂಬ ಎರಡು ಕಿಣ್ವಗಳನ್ನೂ ತಡೆಯುವ ಪ್ರೋಟೀನೊಂದಿದೆ. ಅದು ಹಿಟ್ಟಿನಲ್ಲಿ ಬೀಳುವ ಒಂದು ಬಗೆಯ ಹುಳುವಿನ ಅಮೈಲೇಸಿಗೆ ಅಂಟಿಕೊಂಡಿರುವ ರಚನೆಯನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇನೆ. ಆಲ್ಫಾ ಕಾರ್ಬನ್‌ಗಳ ನಡುವೆ 7 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಭಾಗ) ಮಿತಿ ಇಟ್ಟರೆ ಸಂಪರ್ಕಗಳ ಒಂದು ಪಟ್ಟಿ ಬರುತ್ತದೆ, ಯಾವುದೇ ಎರಡು ಪರಮಾಣುಗಳ ನಡುವೆ 4.5 ಆಂಗ್‌ಸ್ಟ್ರಾಮ್ ಮಿತಿ ಇಟ್ಟರೆ ಬೇರೆಯದೇ ಪಟ್ಟಿ ಬರುತ್ತದೆ. ಯಾವುದನ್ನು ಸರಿಯೆಂದು ಬರೆಯಲಿ?
(ಓದುಗರು, ಮಂಡ್ಯ)

ಉತ್ತರ: ಬಹಳ ಒಳ್ಳೆಯ ರಚನೆಯನ್ನು ಆರಿಸಿಕೊಂಡಿದ್ದೀರಿ. 122 ಅಮೈನೊ ಆಮ್ಲಗಳ ಈ ಪ್ರೋಟೀನಿನ ಗುಣಗಳನ್ನು 1981ರಲ್ಲಿ ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಸಂಶೋಧಕರು ವಿವರಿಸಿದ್ದರು. ನೀವು ಹೇಳುವ ಜೋಡಿ ರಚನೆ 2.5 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ 1998ರಲ್ಲಿ ಪ್ರಕಟವಾಯಿತು. ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲವೆಂಬುದು ನಿಮ್ಮ ಜಿಲ್ಲೆಯವರಿಗೆ ಹೊಸ ಮಾತಲ್ಲ. ಅದಕ್ಕೆ ಈ ಪ್ರೋಟೀನೊಂದೇ ಕಾರಣವೆಂದು ಹೇಳುವಂತಿಲ್ಲವಾದರೂ, ಹುಳುವಿನ ಪಿಷ್ಟ ಅರಗಿಸುವ ಕಿಣ್ವವನ್ನು ಅದು ಹೇಗೆ ಕಟ್ಟಿಹಾಕುತ್ತದೆಂಬುದನ್ನು ಪರಮಾಣುಗಳ ಮಟ್ಟದಲ್ಲಿ ನೋಡುವ ಅವಕಾಶ ನಿಮಗೆ ಸಿಕ್ಕಿದೆ.

ನಿಮ್ಮ ಎರಡು ಪಟ್ಟಿಗಳಲ್ಲಿ ಯಾವುದೂ ತಪ್ಪಲ್ಲ, ಏಕೆಂದರೆ ಅವು ಎರಡು ಬೇರೆ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳು. ರಚನೆಯ ಕಡತದಲ್ಲಿ ಇರುವುದು ಪ್ರತಿಯೊಂದು ಪರಮಾಣುವಿನ ಮೂರು ನಿರ್ದೇಶಾಂಕಗಳು ಮಾತ್ರ. ಎಷ್ಟು ಹತ್ತಿರ ಬಂದರೆ ಅದನ್ನು ಸಂಪರ್ಕವೆನ್ನಬೇಕೆಂಬುದನ್ನು ವಿಶ್ಲೇಷಿಸುವವರೇ ನಿರ್ಧರಿಸಬೇಕು, ಮತ್ತು ಆ ನಿರ್ಧಾರವನ್ನು ಫಲಿತಾಂಶಕ್ಕೆ ಮೊದಲೇ ಬರೆದಿಡಬೇಕು. ಜಿ.ಎನ್. ರಾಮಚಂದ್ರನ್ ಮತ್ತು ಅವರ ಸಹೋದ್ಯೋಗಿಗಳು 1963ರಲ್ಲಿ ಮದರಾಸಿನಿಂದ ಪ್ರಕಟಿಸಿದ ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂದು ತೋರಿಸುವ ಪ್ರಸಿದ್ಧ ನಕ್ಷೆಯೂ ಇಂಥ ನಿರ್ಧಾರದ ಮೇಲೆಯೇ ನಿಂತಿದೆ. ಬಂಧವಿಲ್ಲದ ಎರಡು ಕಾರ್ಬನ್‌ಗಳು ಸಾಮಾನ್ಯವಾಗಿ 3.2 ಆಂಗ್‌ಸ್ಟ್ರಾಮಿಗಿಂತ, ತೀರಾ ಒತ್ತರಿಸಿದರೂ 3.0ಕ್ಕಿಂತ ಹತ್ತಿರ ಬರಲಾರವೆಂದು ಅವರು ಎರಡು ಮಿತಿಗಳನ್ನು ಇಟ್ಟುಕೊಂಡು, ಎರಡನ್ನೂ ತೆರೆದು ಹೇಳಿದ್ದರು.

ಆಲ್ಫಾ ಕಾರ್ಬನ್ ಪ್ರತಿ ಅಮೈನೊ ಆಮ್ಲದ ಬೆನ್ನೆಲುಬಿನಲ್ಲಿರುವ ಪರಮಾಣು. ಅದನ್ನು ಅಳೆದಾಗ ತಿಳಿಯುವುದು ಸರಪಳಿಯ ಮಡಿಕೆ ಹೇಗಿದೆ ಎಂಬುದು. ಆದರೆ ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿಯುವುದು ಬಹುಪಾಲು ಪಾರ್ಶ್ವಸರಪಳಿಗಳ, ಅಂದರೆ ಬೆನ್ನೆಲುಬಿನಿಂದ ಪಕ್ಕಕ್ಕೆ ಚಾಚಿದ ಭಾಗಗಳ ಮೂಲಕ. ಆರ್ಜಿನೀನ್ ಒಂದು ಆಸ್ಪಾರ್ಟಿಕ್ ಆಮ್ಲದ ಕಡೆಗೆ ಪೂರ್ತಿ ಚಾಚಿಕೊಂಡಿದ್ದರೆ, ಒಂದರ ನೈಟ್ರೋಜನ್ ಮತ್ತು ಇನ್ನೊಂದರ ಆಕ್ಸಿಜನ್ ನಡುವೆ 2.8 ಆಂಗ್‌ಸ್ಟ್ರಾಮ್ ಅಂತರವಿದ್ದೂ ಅವುಗಳ ಆಲ್ಫಾ ಕಾರ್ಬನ್‌ಗಳು 10 ಆಂಗ್‌ಸ್ಟ್ರಾಮಿಗಿಂತ ಆಚೆ ಇರಬಹುದು. ಇಷ್ಟು ಬಲವಾದ ಉಪ್ಪುಸೇತುವೆ (ವಿರುದ್ಧ ವಿದ್ಯುದಾವೇಶಗಳ ಸೆಳೆತದಿಂದಾದ ಜೋಡಣೆ) ನಿಮ್ಮ ಮೊದಲ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಇದಕ್ಕೆ ವಿರುದ್ಧವಾಗಿ, ಬೀಟಾ ಎಳೆಯೊಂದರಲ್ಲಿ (ಸರಪಳಿ ನೀಳವಾಗಿ ಚಾಚಿಕೊಂಡ ಭಾಗದಲ್ಲಿ) ಅಕ್ಕಪಕ್ಕದ ಎರಡು ಅಮೈನೊ ಆಮ್ಲಗಳ ಪಾರ್ಶ್ವಸರಪಳಿಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿದ್ದರೂ ಅವುಗಳ ಆಲ್ಫಾ ಕಾರ್ಬನ್‌ಗಳ ಅಂತರ 3.8 ಆಂಗ್‌ಸ್ಟ್ರಾಮ್ ಆಗಿರುವುದರಿಂದ ಪಟ್ಟಿಗೆ ಸೇರಿಬಿಡುತ್ತವೆ.

ನಿಮ್ಮ ರಚನೆಯಲ್ಲಿ ಈ ವ್ಯತ್ಯಾಸಕ್ಕೆ ಹೆಚ್ಚಿನ ಬೆಲೆಯಿದೆ. ರಾಗಿ ಪ್ರೋಟೀನಿನ ಮೊದಲ ಹನ್ನೊಂದು ಅಮೈನೊ ಆಮ್ಲಗಳ ತುದಿ ಬಾಣದ ಮೊನೆಯಂತೆ ಅಮೈಲೇಸಿನ ಕ್ರಿಯಾಸ್ಥಾನದೊಳಗೆ ಹೊಕ್ಕಿರುತ್ತದೆ. ಮೊಟ್ಟಮೊದಲ ಸೆರೀನಿನ ಅಮೈನೊ ಗುಂಪು ಅಲ್ಲಿನ ಆಮ್ಲೀಯ ಪಾರ್ಶ್ವಸರಪಳಿಗಳೊಂದಿಗೆ ಸೇರಿಕೊಳ್ಳುತ್ತದೆ. ತಡೆಯುವ ಕೆಲಸದ ತಿರುಳೇ ಈ ಸಂಪರ್ಕ. ಆಲ್ಫಾ ಕಾರ್ಬನ್‌ಗಳಿಗೆ 7ರ ಮಿತಿ ಇಟ್ಟಾಗ ಅದೇ ಕೈತಪ್ಪಿ ಹೋಗಬಹುದು. ಆದ್ದರಿಂದ ಎರಡು ಸರಪಳಿಗಳು ಕೂಡುವ ಮೈಯನ್ನು ವಿವರಿಸುವಾಗ ಹೈಡ್ರೋಜನ್ ಬಿಟ್ಟು ಉಳಿದ ಪರಮಾಣುಗಳ ನಡುವಣ 4.5 ಆಂಗ್‌ಸ್ಟ್ರಾಮ್ ಮಿತಿಯನ್ನೇ ಬಳಸಿ. ಈ ಸಂಖ್ಯೆಗೆ ಭೌತಿಕ ಅರ್ಥವೂ ಇದೆ. ಕಾರ್ಬನ್ನಿನ ವಾನ್ ಡರ್ ವಾಲ್ಸ್ ತ್ರಿಜ್ಯ (ಬಂಧವಿಲ್ಲದಿರುವಾಗ ಪರಮಾಣು ಆಕ್ರಮಿಸುವ ಗೋಲದ ತ್ರಿಜ್ಯ) ಸುಮಾರು 1.7, ನೀರಿನ ಅಣುವಿನ ವ್ಯಾಸ ಸುಮಾರು 2.8 ಆಂಗ್‌ಸ್ಟ್ರಾಮ್. ಎರಡು ಕಾರ್ಬನ್‌ಗಳ ನಡುವೆ ನೀರಿನ ಅಣು ನುಸುಳಬೇಕಾದರೆ ಅವುಗಳ ಕೇಂದ್ರಗಳು ಸುಮಾರು 6.2 ಆಂಗ್‌ಸ್ಟ್ರಾಮ್ ದೂರವಿರಬೇಕಾಗುತ್ತದೆ. 4.5ರೊಳಗಿದ್ದರೆ ನಡುವೆ ನೀರಿಲ್ಲವೆಂದು ಧೈರ್ಯವಾಗಿ ಹೇಳಬಹುದು.

ಪಟ್ಟಿ ಸಿಕ್ಕ ಮೇಲೆ ಅದನ್ನು ಬಗೆಬಗೆಯಾಗಿ ವಿಂಗಡಿಸಬೇಕು. ಹೈಡ್ರೋಜನ್ ಬಂಧಕ್ಕೆ ದಾನಿ ಮತ್ತು ಗ್ರಾಹಕ ಪರಮಾಣುಗಳ ನಡುವೆ 3.5 ಆಂಗ್‌ಸ್ಟ್ರಾಮ್, ಉಪ್ಪುಸೇತುವೆಗೆ 4 ಆಂಗ್‌ಸ್ಟ್ರಾಮ್ ಎಂಬುದು ರೂಢಿ. ರಾಗಿ ಪ್ರೋಟೀನಿನೊಳಗಿನ ಐದು ಡೈಸಲ್ಫೈಡ್ ಬಂಧಗಳನ್ನು, ಅಂದರೆ ಗಂಧಕದಿಂದ ಗಂಧಕಕ್ಕೆ ಸುಮಾರು 2.05 ಆಂಗ್‌ಸ್ಟ್ರಾಮ್ ಇರುವ ಜೋಡಿಗಳನ್ನು, ಸಂಪರ್ಕಗಳ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿ ತೋರಿಸಿ. ಒಂದೇ ಸರಪಳಿಯೊಳಗೆ ಎಣಿಸುವಾಗ ಸರಣಿಯಲ್ಲಿ ಹತ್ತಿರವಿರುವ ಜೋಡಿಗಳನ್ನು ಕೈಬಿಡಿ. ಆಲ್ಫಾ ಸುರುಳಿಯ ಪ್ರತಿ ಸುತ್ತಿಗೆ 3.6 ಅಮೈನೊ ಆಮ್ಲಗಳಿರುವುದರಿಂದ ಮೂರನೆಯ ಮತ್ತು ನಾಲ್ಕನೆಯ ನೆರೆಯವು ತಾವಾಗಿಯೇ ಹತ್ತಿರ ಬರುತ್ತವೆ, ಮತ್ತು ಅವು ಸುರುಳಿ ಇದೆಯೆಂಬುದರ ಆಚೆಗೆ ಏನನ್ನೂ ತಿಳಿಸುವುದಿಲ್ಲ. ಎರಡು ಬೇರೆ ಸರಪಳಿಗಳ ನಡುವೆ ಈ ಸೋಸುವಿಕೆಯ ಅಗತ್ಯವಿಲ್ಲ.

ಇನ್ನೊಂದು ಎಚ್ಚರ. ಇಂಥ ಸ್ಪಷ್ಟತೆಯ ಎಕ್ಸ್-ರೇ ರಚನೆಯಲ್ಲಿ ಆಸ್ಪರಜಿನ್ ಮತ್ತು ಗ್ಲುಟಮಿನ್‌ಗಳ ತುದಿಯಲ್ಲಿ ಆಕ್ಸಿಜನ್ ಯಾವುದು, ನೈಟ್ರೋಜನ್ ಯಾವುದು ಎಂದು ಎಲೆಕ್ಟ್ರಾನ್ ಸಾಂದ್ರತೆಯಿಂದ ಬೇರ್ಪಡಿಸುವುದು ಕಷ್ಟ. ಅವು ತಲೆಕೆಳಗಾಗಿ ಕೂತಿದ್ದರೆ ಹೈಡ್ರೋಜನ್ ಬಂಧದ ಪಟ್ಟಿಯೂ ತಪ್ಪಾಗುತ್ತದೆ. ಅಂಥ ಪ್ರತಿಯೊಂದು ಜೋಡಿಯನ್ನೂ ಪೈಮಾಲ್ ಅಥವಾ ಕೈಮೆರಾಎಕ್ಸ್ ಎಂಬ ತಂತ್ರಾಂಶದಲ್ಲಿ ತೆರೆದು ಕಣ್ಣಾರೆ ನೋಡಿ. ಒಂದು ಸಂಜೆ ಹೋದರೂ ಚಿಂತೆಯಿಲ್ಲ, ಸ್ಕ್ರಿಪ್ಟು ಕೊಡುವ ಸಂಖ್ಯೆಗಿಂತ ಆ ಸಂಜೆ ಹೆಚ್ಚು ಕಲಿಸುತ್ತದೆಂದು ನಾನು ನಂಬಿದ್ದೇನೆ.

ಪ್ರಶ್ನೆ: ಕುಡಗೋಲು ಕಣ (ಸಿಕಲ್ ಸೆಲ್) ರೋಗದಲ್ಲಿ ಹಿಮೋಗ್ಲೋಬಿನ್ನಿನ ಒಂದೇ ಅಮೈನೊ ಆಮ್ಲ ಬದಲಾಗಿರುತ್ತದೆಂದು ಪಾಠ ಮಾಡುತ್ತೇನೆ. ಆದರೆ ರಚನೆಯಲ್ಲಿ ಅದರ ಸುತ್ತ ಹುಡುಕಿದರೆ ಹೊಸ ಸಂಪರ್ಕವೇ ಸಿಗುವುದಿಲ್ಲ. ಏಕೆ?
(ಕಾಲೇಜು ಉಪನ್ಯಾಸಕರು, ಮೈಸೂರು)

ಉತ್ತರ: ನೀವು ಹುಡುಕಿದ್ದು ಒಂದೇ ಅಣುವಿನೊಳಗೆ ಇರಬೇಕು. ಬೀಟಾ ಸರಪಳಿಯ ಆರನೆಯ ಸ್ಥಾನ ಹಿಮೋಗ್ಲೋಬಿನ್ನಿನ ಹೊರಮೈಯಲ್ಲಿದೆ. ಅಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದರೂ ಆ ಅಣುವಿನ ಒಳಗಿನ ಜೋಡಣೆ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ರೋಗ ತರುವ ಸಂಪರ್ಕ ಇರುವುದು ಪಕ್ಕದ ಅಣುವಿನೊಂದಿಗೆ. ಆಮ್ಲಜನಕ ಬಿಟ್ಟುಕೊಟ್ಟ ಸ್ಥಿತಿಯಲ್ಲಿ, ಈ ವ್ಯಾಲೀನ್ ನೆರೆಯ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿರುವ 85ನೆಯ ಫೀನೈಲಲನೀನ್ ಮತ್ತು 88ನೆಯ ಲ್ಯೂಸೀನ್‌ಗಳ ಜಲವಿರೋಧಿ ಗುಳಿಯಲ್ಲಿ ಕೂರುತ್ತದೆ. ಹೀಗೆ ಅಣುಗಳು ಸಾಲುಗಟ್ಟಿ ನಾರುಗಳಾಗುತ್ತವೆ, ನಾರುಗಳು ಕೆಂಪು ರಕ್ತಕಣವನ್ನು ಕುಡಗೋಲಿನಾಕಾರಕ್ಕೆ ಎಳೆಯುತ್ತವೆ.

1997ರಲ್ಲಿ 2.05 ಆಂಗ್‌ಸ್ಟ್ರಾಮ್ ಸ್ಪಷ್ಟತೆಯಲ್ಲಿ ಪ್ರಕಟವಾದ ರಚನೆಯ ಕಡತದಲ್ಲಿ ಎರಡು ಪೂರ್ಣ ಹಿಮೋಗ್ಲೋಬಿನ್ ಅಣುಗಳು, ಅಂದರೆ ಎಂಟು ಸರಪಳಿಗಳಿವೆ. ಅದನ್ನು ತೆರೆದು, ಒಂದು ಅಣುವಿನ ಎರಡೂ ಬೀಟಾ ಸರಪಳಿಗಳ ಆರನೆಯ ವ್ಯಾಲೀನ್‌ಗಳಿಂದ ಇನ್ನೊಂದು ಅಣುವಿನ ಪರಮಾಣುಗಳಿಗೆ ಅಂತರ ಅಳೆಯಿರಿ. ಎರಡರಲ್ಲಿ ಒಂದು ಮಾತ್ರ ಈ ಗುಳಿಯೊಳಗೆ ಕೂತಿರುವುದು ಕಾಣುತ್ತದೆ. ಸ್ಫಟಿಕದಲ್ಲಿ ಪುನರಾವರ್ತನೆಯಾಗುವ ನೆರೆಯ ಪ್ರತಿಗಳು ಕಡತದಲ್ಲಿ ಬರೆದಿರುವುದಿಲ್ಲವಾದ್ದರಿಂದ, ಅವುಗಳನ್ನೂ ತಂತ್ರಾಂಶದಲ್ಲಿ ಸಮ್ಮಿತಿಯ ಮೂಲಕ ನಿರ್ಮಿಸಿಕೊಂಡು ನೋಡಬೇಕು. ಆದರೆ ಬೇರೆ ಪ್ರೋಟೀನುಗಳ ಸ್ಫಟಿಕಗಳಲ್ಲಿ ಇಂಥ ಅಕ್ಕಪಕ್ಕದ ಸಂಪರ್ಕಗಳು ಕೇವಲ ಸ್ಫಟಿಕ ಕಟ್ಟಿಕೊಳ್ಳುವಾಗ ಆದವು ಇರಬಹುದು. ಜೀವಕೋಶದಲ್ಲಿಯೂ ಅವು ಇವೆಯೆನ್ನಲು ಬೇರೆ ಪುರಾವೆ ಬೇಕು.

ಈ ರೋಗ ನಮ್ಮ ಭಾಗದ ಬುಡಕಟ್ಟು ಸಮುದಾಯಗಳಲ್ಲೂ ಇದೆ. ನಿಮ್ಮ ತರಗತಿಯಲ್ಲಿ ಆ ಹಾಡಿಗಳಿಂದ ಬಂದ ಮಕ್ಕಳಿರಬಹುದು. ದಯವಿಟ್ಟು ಈ ಸಂಪರ್ಕವನ್ನು ಪರದೆಯ ಮೇಲೆ ತೋರಿಸಿಯೇ ಪಾಠ ಮಾಡಿ. ತಂದೆತಾಯಿಯರಿಬ್ಬರಿಂದಲೂ ಬರುವ ವಂಶವಾಹಿಯ ಒಂದು ಬದಲಾವಣೆಯೇ ಇದಕ್ಕೆ ಕಾರಣವೆಂದೂ, ಶಾಪವಾಗಲಿ ಯಾರ ತಪ್ಪಾಗಲಿ ಅಲ್ಲವೆಂದೂ ಆಗ ಅವರಿಗೆ ಸ್ಪಷ್ಟವಾಗುತ್ತದೆ.

ಪ್ರಶ್ನೆ: ಆಲ್ಫಾಫೋಲ್ಡ್ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಊಹಿಸಿದ ರಚನೆಯಲ್ಲಿ ಸಂಪರ್ಕಗಳನ್ನು ಎಣಿಸಬಹುದೇ?
(ಓದುಗರು, ಮೈಸೂರು)

ಉತ್ತರ: ಎಣಿಸಬಹುದು, ಆದರೆ ಮೊದಲು ವಿಶ್ವಾಸದ ಅಂಕಗಳನ್ನು ನೋಡಿ. ಪ್ರಯೋಗದಿಂದ ಬಂದ ಕಡತದಲ್ಲಿ ಬಿ-ಫ್ಯಾಕ್ಟರ್ (ಪರಮಾಣು ಎಷ್ಟು ಅಲುಗಾಡುತ್ತದೆಂಬ ಅಳತೆ) ಇರುವ ಅಂಕಣದಲ್ಲಿಯೇ ಇಲ್ಲಿ ಪ್ರತಿ ಅಮೈನೊ ಆಮ್ಲಕ್ಕೆ 0ರಿಂದ 100ರವರೆಗಿನ ಅಂಕವಿರುತ್ತದೆ. 90ಕ್ಕಿಂತ ಮೇಲಿದ್ದರೆ ಪಾರ್ಶ್ವಸರಪಳಿಗಳ ಮಟ್ಟದ ಸಂಪರ್ಕಗಳನ್ನು ಚರ್ಚಿಸಬಹುದು. 70ರಿಂದ 90ರ ನಡುವೆ ಬೆನ್ನೆಲುಬಿನ ಮಡಿಕೆಯನ್ನು ನಂಬಬಹುದು, ಆದ್ದರಿಂದ ಬೀಟಾ ಕಾರ್ಬನ್‌ಗಳ ನಡುವೆ 8 ಆಂಗ್‌ಸ್ಟ್ರಾಮ್ ಎಂಬ ಸಡಿಲ ಮಿತಿಗೆ ನಿಲ್ಲುವುದು ಲೇಸು. ಗ್ಲೈಸೀನಿಗೆ ಬೀಟಾ ಕಾರ್ಬನ್ ಇಲ್ಲದ್ದರಿಂದ ಅಲ್ಲಿ ಆಲ್ಫಾ ಕಾರ್ಬನ್ನನ್ನೇ ಅಳೆಯಿರಿ. 50ಕ್ಕಿಂತ ಕೆಳಗಿನ ಭಾಗಗಳು ಬಹುಮಟ್ಟಿಗೆ ನಿಶ್ಚಿತ ಆಕಾರವಿಲ್ಲದವು, ಅವುಗಳನ್ನು ಲೆಕ್ಕದಿಂದ ತೆಗೆದುಬಿಡಿ. ಪ್ರೋಟೀನಿನ ಎರಡು ಭಾಗಗಳ ನಡುವಣ ಸಂಪರ್ಕದ ಬಗ್ಗೆ ಬರೆಯುವುದಾದರೆ ಈ ಅಂಕಗಳು ಸಾಲವು. ಎರಡೂ ಭಾಗಗಳು ತಮ್ಮಷ್ಟಕ್ಕೆ 90 ದಾಟಿದ್ದರೂ ಒಂದಕ್ಕೊಂದು ಎಲ್ಲಿ ನಿಂತಿವೆಯೆಂಬುದು ಅನಿಶ್ಚಿತವಾಗಿರಬಹುದು. ಅದಕ್ಕೆ ಜೊತೆಯಲ್ಲಿ ಕೊಡುವ ಜೋಡಿ ದೋಷದ (ಎರಡು ಅಮೈನೊ ಆಮ್ಲಗಳ ಪರಸ್ಪರ ಸ್ಥಾನದಲ್ಲಿ ಎಷ್ಟು ತಪ್ಪಿರಬಹುದೆಂಬ ಅಂದಾಜಿನ) ಚಿತ್ರವನ್ನು ತೆರೆದು, ಆ ಎರಡು ಭಾಗಗಳು ಸೇರುವ ಚೌಕದಲ್ಲಿ ದೋಷ ಕಡಿಮೆಯಿದ್ದರೆ ಮಾತ್ರ ಅವುಗಳ ನಡುವಿನ ಸಂಪರ್ಕಗಳನ್ನು ಪಟ್ಟಿಗೆ ಸೇರಿಸಿ.